ಹಿಮ್ಮಡಿಯ ಕೆಂಪು ನೂಲು

ಪ್ರತಿ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಪೇಯಾ ಪಟ್ಟಣದ ಹಳೆಯ ಸಿನಿಮಾ ಹಾಲಿನಲ್ಲಿ, ನಮ್ಮನ್ನು ಆಳುತ್ತಿದ್ದ ಪರದೇಶಿ ಮಿಷನ್ನಿನವರು ನಮಗೆ ವರದಿ ಒಪ್ಪಿಸುತ್ತಿದ್ದರು. ಯುದ್ಧ ಮುಗಿದು ಮೂರು ವರ್ಷವಾಗಿತ್ತು. ವೇದಿಕೆಯ ಮೇಲೆ ನಾಲ್ಕು ಕುರ್ಚಿ. ಆಡಳಿತದವರಿಗೊಂದು, ಪೊಲೀಸರಿಗೊಂದು, ಸುಟ್ಟ ಮನೆಗಳಿಗೆ ಸೂರು ಹೊದಿಸುವವರಿಗೊಂದು, ಕಾಣೆಯಾದವರನ್ನು ಹುಡುಕುವವರಿಗೊಂದು. ಪಕ್ಕದಲ್ಲಿ ಬೆನ್ನಿಲ್ಲದ ಒಂದು ಸ್ಟೂಲು. ಅದು ನನ್ನದು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಮ್ಮ ಅಲ್ಬೇನಿಯನ್ ಮಾತಿನಲ್ಲಿ ಜನಕ್ಕೆ ಹೇಳಬೇಕು. ಯುದ್ಧಕ್ಕೆ ಮೊದಲು ನಾನು ಭೂಗೋಳದ ಮೇಷ್ಟ್ರು. ಶಾಲೆ ಸುಟ್ಟುಹೋಯಿತು, ಗೋಡೆಯ ನಕಾಶೆಗಳೂ ಸುಟ್ಟುಹೋದವು, ತಲೆಯಲ್ಲಿದ್ದ ಇಂಗ್ಲಿಷ್ ಮಾತ್ರ ಉಳಿಯಿತು.

ಅವರ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. 'ನಿರೀಕ್ಷೆ ಇದೆ', 'ಪರಿಶೀಲನೆಯಲ್ಲಿದೆ', 'ಪ್ರಗತಿ ಕಾಣುತ್ತಿದೆ'. ಒಮ್ಮೆ ಕರೆಂಟಿನ ಸ್ಥಿತಿ ಬಹಳ ಸುಧಾರಿಸಿದೆ ಎಂದು ಹೇಳುತ್ತಿರುವಾಗಲೇ ಕರೆಂಟು ಹೋಯಿತು. ಕತ್ತಲಲ್ಲಿ ಹಿಂದಿನ ಸಾಲಿನಿಂದ ಗುರ್‌ಬಾರ್ದ್ ಹಳ್ಳಿಯ ಮೂಸಾ ಕೂಗಿದ.

"ಮೇಷ್ಟ್ರೇ, ಇದನ್ನೂ ನಮ್ಮ ಭಾಷೆಗೆ ತಿರುಗಿಸಿ ಹೇಳಿ!"

ಹಾಲೆಲ್ಲ ನಕ್ಕಿತು. ನಗದಿದ್ದವನು ಮುಂದಿನ ಸಾಲಿನ ತಫಿಲಜ್ಜ ಒಬ್ಬನೇ. ಬಿಳಿ ಉಣ್ಣೆಯ ಟೋಪಿ, ಎರಡು ಮೊಣಕಾಲ ನಡುವೆ ಕೋಲು. ವಾರ ತಪ್ಪದೆ ಮೂಸಾನ ಟ್ರಾಕ್ಟರಿನಲ್ಲಿ ಹದಿನಾಲ್ಕು ಕಿಲೋಮೀಟರ್ ಬಂದು ಕೂರುತ್ತಿದ್ದ. ಮೊದಲು ಬಾಗಿಲ ಬಳಿ ಅಂಟಿಸಿದ್ದ ಕಾಣೆಯಾದವರ ಪಟ್ಟಿಯ ಎದುರು ನಿಂತು ನಲವತ್ತೊಂದನೆಯ ಹೆಸರಿನ ಮೇಲೆ ಬೆರಳಿಡುತ್ತಿದ್ದ. ಸೆಲ್ಮನ್, ಅವನ ಒಬ್ಬನೇ ಮಗ. ಯುದ್ಧದ ವಸಂತದಲ್ಲಿ ವೈರಿ ಪಡೆಯವರು ಊರಿನ ಇನ್ನೈದು ಗಂಡಸರ ಜೊತೆ ಅವನನ್ನೂ ಲಾರಿಗೆ ಹತ್ತಿಸಿಕೊಂಡು ಹೋಗಿದ್ದರು.

ಬದುಕಿದ್ದಾನೆ ಎಂಬ ಭ್ರಮೆ ಅಜ್ಜನಿಗೆ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಮೂಳೆ. ಮಗನ ಮೂಳೆಯನ್ನು ತನ್ನ ಕೈಯಾರೆ ಮಣ್ಣಿಗಿಡುವವರೆಗೆ ಸಾವು ನಡೆದಿಲ್ಲ ಎಂದೇ ಅವನ ಲೆಕ್ಕ. ನಮ್ಮಲ್ಲಿ ಸಾವಿನ ಮನೆಯ ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಬಂಧುಗಳು ಬಂದು ಗಂಡಸರ ಚಾವಡಿಯಲ್ಲಿ ಕೂತು ಕಹಿ ಕಾಫಿ ಕುಡಿದು, 'ನಿಮ್ಮ ತಲೆ ಉಳಿಯಲಿ' ಎಂದು ಹೇಳಿ ಹೋಗುತ್ತಾರೆ. ತಫಿಲಜ್ಜನ ಚಾವಡಿಯಲ್ಲಿ ಮೂರು ವರ್ಷದಿಂದ ಆ ಮಾತು ಆಡಲು ಯಾರಿಗೂ ಬಿಟ್ಟಿರಲಿಲ್ಲ. ಒಮ್ಮೆ ಸೋದರಳಿಯನೊಬ್ಬ ಬಾಯಿ ತೆರೆದಾಗ ಅಜ್ಜ ಅವನ ಬಟ್ಟಲಿಗೆ ಮೂರು ಚಮಚ ಸಕ್ಕರೆ ಸುರಿದಿದ್ದ. "ಕುಡಿ. ನನ್ನ ಮನೇಲಿ ಇನ್ನೂ ಯಾರೂ ಸತ್ತಿಲ್ಲ."

ಆ ವರ್ಷ ಸೆಪ್ಟೆಂಬರಿನಲ್ಲಿ, ಜನರ ಬಳಿಗೇ ಹೋಗಿ ವರದಿ ಕೊಡಬೇಕು ಎಂಬ ಹೊಸ ಹುಮ್ಮಸ್ಸು ಮಿಷನ್ನಿನವರಿಗೆ ಹುಟ್ಟಿತು. ಕಾಣೆಯಾದವರ ವಿಭಾಗದ ಹಾಲ್ವರ್ ಎಂಬಾತ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಗುರ್‌ಬಾರ್ದಿಗೆ ಹೊರಟ. ಒಳ್ಳೆಯ ಮನುಷ್ಯ. ಬಂದಿದ್ದ ತೊಂದರೆಯೇ ಅದು. ಕೆಟ್ಟವನಾಗಿದ್ದರೆ ಅವನ ಮಾತನ್ನು ಯಾರೂ ಎದೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ತಫಿಲಜ್ಜನ ಚಾವಡಿಯಲ್ಲಿ ಹತ್ತು ಜನ ಗಂಡಸರು ಗೋಡೆಗೊರಗಿ ವಯಸ್ಸಿನ ಪ್ರಕಾರ ಕೂತಿದ್ದರು. ಹಾಲ್ವರ್‌ನನ್ನು ಒಲೆಯ ಪಕ್ಕದ ಅತಿಥಿಯ ಜಾಗದಲ್ಲಿ ಕೂರಿಸಿದರು. ಕಾಫಿ ಮುಗಿದ ಮೇಲೆ ಅವನು ಹೇಳಿದ: ಕಲ್ಲು ಕ್ವಾರಿಯ ಹಿಂದೆ ಒಂದು ಹೊಂಡ ಸಿಕ್ಕಿದೆ, ಅದರಲ್ಲಿ ಆರು ಜನರ ಅವಶೇಷ. ಅವರು ಈ ಊರಿನವರೇ ಇರಬಹುದು. ಚಳಿಗಾಲಕ್ಕೆ ಮೊದಲು ಮನೆಗೆ ತಲುಪಿಸುವ ನಿರೀಕ್ಷೆ ಇದೆ.

ನಮಗೆ ಚಳಿಗಾಲ ಅಂದರೆ ಶ್ಮಿತ್ರಿ ಹಬ್ಬದ ದಿನ, ನವೆಂಬರ್ ಎಂಟು. ಅವತ್ತು ಕುರಿಗಳು ಬೆಟ್ಟ ಇಳಿಯುತ್ತವೆ, ಆಳುಗಳ ಕರಾರು ಮುಗಿಯುತ್ತದೆ. ನಾನು, "ಶ್ಮಿತ್ರಿಯೊಳಗೆ ತಂದುಕೊಡ್ತಾರಂತೆ" ಎಂದೆ. 'ಇರಬಹುದು' ಎಂಬುದು ನನ್ನ ಬಾಯಿಂದ ಬಂತೋ ಇಲ್ಲವೋ, ಇವತ್ತಿಗೂ ನನಗೆ ನೆನಪಿಲ್ಲ. ಬಂದಿದ್ದರೂ ಯಾರ ಕಿವಿಗೂ ಬಿದ್ದಿರಲಾರದು. ಕಾಣೆಯಾದವರು ಆರು, ಸಿಕ್ಕವರು ಆರು.

ತಫಿಲಜ್ಜ ಹಾಲ್ವರ್‌ನ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡಿದ.

"ಮಗಾ ನೆಜಿರ್, ಇವರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ನೀನು ನಮ್ಮೋನು. ನಿನ್ನ ತಾತ ಇದೇ ಜಾಗದಲ್ಲಿ ಕೂತು ಎರಡು ಮನೆತನದ ರಕ್ತದ ಜಗಳ ಬಿಡಿಸಿದೋನು. ಅದಕ್ಕೆ ನಿನ್ನ ಕೇಳ್ತೀನಿ. ಇವರ ಮಾತು ಮಾತೇನಾ?"

ಹೊರಗೆ ಜೀಪಿನ ಚಾಲಕ ಹಾರ್ನ್ ಒತ್ತುತ್ತಿದ್ದ. ಇನ್ನೂ ಎರಡು ಹಳ್ಳಿ ಬಾಕಿಯಿತ್ತು. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ.

"ಹೌದಜ್ಜ, ಮಾತೇ," ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಾವಡಿಯಲ್ಲಿ ಹತ್ತು ಜನರ ಎದುರು ಇನ್ನೊಬ್ಬರ ಮಾತಿಗೆ ಹೌದು ಅಂದವನು ಆ ಮಾತಿಗೆ ಜಾಮೀನು. ಇದು ನಮ್ಮಲ್ಲಿ ಕೂಸಿಗೂ ಗೊತ್ತು. ಹಾಲ್ವರ್‌ಗೆ ಗೊತ್ತಿರಲಿಲ್ಲ. ಜೀಪಿನಲ್ಲಿ, "ಮುದುಕರು ಕೊನೆಯಲ್ಲಿ ಏನು ಕೇಳಿದರು?" ಎಂದ. ನಾನು, "ಏನಿಲ್ಲ, ದಾರಿ ಚೆನ್ನಾಗಿದೆಯಾ ಅಂತ ಕೇಳಿದರು" ಎಂದೆ.

ಅಕ್ಟೋಬರಿನಲ್ಲಿ ಹಾಲ್ವರ್‌ನ ಅವಧಿ ಮುಗಿಯಿತು. ಎಲ್ಲರನ್ನೂ ತಬ್ಬಿಕೊಂಡು, ಕಣ್ಣು ಒದ್ದೆ ಮಾಡಿಕೊಂಡು ಹೋದ. ಅವನ ಕುರ್ಚಿಗೆ ಬ್ರಾಂಟ್ ಎಂಬ ಹೆಂಗಸು ಬಂದಳು. ಕಡತದ ಹೆಂಗಸು, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ತಿಂಗಳ ಕೊನೆಯ ಮಂಗಳವಾರ ಮೂಸಾ ನನ್ನನ್ನು ಹಾಲಿನ ಮೆಟ್ಟಿಲ ಬಳಿ ತಡೆದ. ಅವನ ಮುಖದಲ್ಲಿ ಎಂದಿನ ತಮಾಷೆ ಇರಲಿಲ್ಲ.

"ಮೇಷ್ಟ್ರೇ, ಅಜ್ಜ ಗುಂಡಿ ತೋಡಿಸಿಬಿಟ್ಟಿದ್ದಾನೆ."

"ಯಾವ ಗುಂಡಿ?"

"ಸೆಲ್ಮನ್‌ದು. ಶ್ಮಿತ್ರಿ ದಿನಕ್ಕೆ ಬೀಗರು ಬಿಜ್ಜರಿಗೆಲ್ಲ ಹೇಳಿ ಕಳಿಸಿದ್ದಾನೆ. ಬಾಯಿ ತೆರೆದ ಗುಂಡಿ ಹಸಿದಿರುತ್ತೆ ಅಂತ ಗುದ್ದಲಿ, ಸಲಿಕೆ ಅಡ್ಡಡ್ಡ ಇಟ್ಟು ದಿನವೆಲ್ಲ ಪಕ್ಕದಲ್ಲೇ ಕೂತಿರ್ತಾನೆ. ಮೈಯಲ್ಲಿ ಜ್ವರ ಬೇರೆ. ಯಾಕಜ್ಜ ಇಷ್ಟು ಅವಸರ ಅಂದ್ರೆ, ನೆಜಿರ್ ಮಾತು ಕೊಟ್ಟಿದ್ದಾನೆ ಅಂತಾನೆ. ಏನ್ರೀ ಮಾಡಿಟ್ರಿ ನೀವು?"

ನಾನು ಓಡಿಹೋಗಿ ಬ್ರಾಂಟಳನ್ನು ಕೇಳಿದೆ. ಆಕೆ ಕಡತ ತೆಗೆದು ತೋರಿಸಿದಳು. "ಇಲ್ಲಿ 'ನಿರೀಕ್ಷೆ' ಎಂದಿದೆ. ನಾವು ಯಾವತ್ತೂ ಮಾತು ಕೊಡುವುದಿಲ್ಲ, ನೆಜಿರ್." ಆಕೆ ಹೇಳಿದ್ದು ಸತ್ಯ. ನನಗೆ ಆಕೆಯ ಕೆನ್ನೆಗೆ ಹೊಡೆಯಬೇಕು ಎನ್ನಿಸಿತು. ನನ್ನ ಕೆನ್ನೆಗೆ ಹೊಡೆದುಕೊಳ್ಳಬೇಕು ಅಂತಲೂ ಅನ್ನಿಸಿತು. ಕೊನೆಗೆ ಆಕೆ, ನವೆಂಬರ್ ಮೂರಕ್ಕೆ ಮನೆಯವರನ್ನು ಬಟ್ಟೆ ಗುರುತಿಸಲು ಕರೆಸೋಣ, ಗುರುತು ಖಚಿತವಾದವರನ್ನು ಆ ವಾರವೇ ಕೊಡಬಹುದು ಎಂದಳು. ಅನುಮಾನ ಇದ್ದರೆ ಮಾತ್ರ ಮೂಳೆಯನ್ನು ಮನೆಯವರ ರಕ್ತದ ಜೊತೆ ಹೋಲಿಸುವ ಪರೀಕ್ಷೆ. ಅದಕ್ಕೆ ಐದಾರು ತಿಂಗಳು.

ಮುಚ್ಚಿಹೋದ ಪೀಠೋಪಕರಣ ಕಾರ್ಖಾನೆಯ ನೆಲದ ಮೇಲೆ ಆರು ಬಿಳಿ ಕಾಗದ ಹಾಸಿದ್ದರು. ಒಂದೊಂದರ ಮೇಲೆ ಒಬ್ಬೊಬ್ಬನ ಉಳಿದದ್ದು. ಮೊದಲ ಐದು ಬೇಗ ಮುಗಿದವು. ಬೆಲ್ಟಿನ ಬಕಲು, ಬೆಳ್ಳಿಯ ಹಲ್ಲು, ಜೇಬಿನಲ್ಲಿ ಅರ್ಧ ಕೊಳೆತ ಗುರುತಿನ ಚೀಟಿ. ಹೆಂಗಸರು ನೋಡಿದರು, ಮುಟ್ಟಿದರು, ಕೆಲವರು ಕಿರುಚಿದರು, ಒಬ್ಬಳು ಬಕಲನ್ನು ಬಾಯಿಗೆ ಒತ್ತಿಕೊಂಡು ಹಾಗೇ ಕೂತಳು. ನಾನು ಒಬ್ಬೊಬ್ಬರದೂ ಬರೆಸುತ್ತ ಬಂದೆ.

ಆರನೆಯದರಲ್ಲಿ ಒಂದು ಜೊತೆ ಕಾಲುಚೀಲ ಬಿಟ್ಟರೆ ಏನೂ ಉಳಿದಿರಲಿಲ್ಲ. ಬೂದು ಉಣ್ಣೆ, ಮೇಲೆ ಎರಡು ಬಿಳಿ ಪಟ್ಟಿ. ನಮ್ಮ ಕಣಿವೆಯ ಎಲ್ಲ ಹೆಂಗಸರೂ ಎಲ್ಲ ಗಂಡಸರಿಗೂ ಹೆಣೆಯುವುದು ಅದೇ ಮಾದರಿ. ತಫಿಲಜ್ಜನ ಸೊಸೆ ಫಾರಿಯೆ ಬಗ್ಗಿ ಒಂದನ್ನು ಎತ್ತಿಕೊಂಡಳು. ಒಳಗೆ ಕೈ ಹಾಕಿ ಹಿಮ್ಮಡಿಯನ್ನು ತಿರುಗಿಸಿ ನೋಡಿದಳು. ಸವೆದ ಹಿಮ್ಮಡಿಗೆ ಯಾರೋ ಕೆಂಪು ನೂಲಿನಲ್ಲಿ ತೇಪೆ ಹೆಣೆದಿದ್ದರು.

"ಇದು ನನ್ನ ಕೈ ಅಲ್ಲ ಮೇಷ್ಟ್ರೇ," ಎಂದಳು, ಮೆಲ್ಲಗೆ. "ನಾನು ಕೆಂಪು ಹಾಕೋಳಲ್ಲ. ನಮ್ಮನೇಲಿ ಕೆಂಪು ನೂಲೇ ಇರ್ಲಿಲ್ಲ."

"ಏನು ಹೇಳುತ್ತಿದ್ದಾರೆ?" ಎಂದಳು ಬ್ರಾಂಟ್, ಪೆನ್ನು ಹಿಡಿದು.

ನಾನು ಫಾರಿಯೆಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಮೂವತ್ತೂ ತುಂಬದ ಹೆಂಗಸು, ಕಣ್ಣಿನ ಕೆಳಗೆ ಅರವತ್ತರ ಕಪ್ಪು.

"ಮಾವ ಗುಂಡಿ ಪಕ್ಕ ಕೂತವ್ರೆ," ಎಂದಳು. "ರಾತ್ರಿಯೆಲ್ಲ ಕೆಮ್ತಾರೆ. ಇನ್ನೈದು ತಿಂಗಳು ಅಂದ್ರೆ ಅವರು ಇರಲ್ಲ ಮೇಷ್ಟ್ರೇ." ಕಾಲುಚೀಲವನ್ನು ಕಾಗದದ ಮೇಲೆ ಇಟ್ಟು ಎರಡನ್ನೂ ಜೋಡಿಸಿದಳು, ಯಾರೋ ಬೆಳಿಗ್ಗೆ ಎದ್ದು ಹಾಕಿಕೊಳ್ಳುತ್ತಾರೆ ಎಂಬಂತೆ.

"ತನ್ನ ಗಂಡನದೇ ಅಂತೆ," ಎಂದೆ ಬ್ರಾಂಟಳಿಗೆ. "ತಾನೇ ಹೆಣೆದದ್ದಂತೆ."

ಫಾರಿಯೆ ಸಹಿ ಹಾಕಿದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ನಾನು ಏನು ಹೇಳಿದೆ ಎಂದು ಅವಳಿಗೆ ಪೂರ್ತಿ ಗೊತ್ತಿತ್ತು. ತಪ್ಪು ಅವಳದೆಷ್ಟು, ನನ್ನದೆಷ್ಟು ಎಂದು ನಾನು ಎಷ್ಟೋ ಸಲ ತೂಗಿ ನೋಡಿದ್ದೇನೆ. ಅವಳು ಮಾವನಿಗಾಗಿ ಮಾಡಿದಳು. ನಾನು ಮಾಡಿದ್ದು ನನ್ನ ಮರ್ಯಾದೆಗಾಗಿ.

ಶ್ಮಿತ್ರಿಯ ದಿನ ಆಲಿಕಲ್ಲು ಬೆರೆತ ಸಣ್ಣ ಮಳೆ. ಐವರನ್ನು ಊರ ಮುಂದಿನ ಹೊಲದಲ್ಲಿ ಸಾಲಾಗಿ ಮಣ್ಣು ಮಾಡಿದರು. ಆರನೆಯವನನ್ನು ತಫಿಲಜ್ಜನ ಮನೆತನದ ಜಾಗಕ್ಕೆ ಹೊತ್ತು ತಂದರು. ಚೀಲ ಬಿಚ್ಚಬಾರದು ಎಂದು ಮಿಷನ್ನಿನವರ ಕಟ್ಟಪ್ಪಣೆ ಇತ್ತು. ಅಜ್ಜ ಕೋಲು ಎತ್ತಿ ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ಸರಿಸಿದ. ಮಂಡಿಯೂರಿ, ಬಿಳಿ ಬಟ್ಟೆಯ ಕೆಳಗೆ ಕೈ ತೂರಿಸಿ, ಹುಡುಕಿದ.

ಸೆಲ್ಮನ್ ಒಂಬತ್ತು ವರ್ಷದವನಿದ್ದಾಗ ಆಕ್ರೋಟದ ಮರದಿಂದ ಬಿದ್ದು ಬಲಗಾಲಿನ ಮುಂಗಾಲು ಮೂಳೆ ಮುರಿದಿತ್ತು. ನಾಟಿ ವೈದ್ಯ ಕಟ್ಟಿದ ಕಟ್ಟು ಸರಿಯಾಗಿ ಕೂಡದೆ ಮೂಳೆಯ ಮೇಲೆ ಹುಣಸೆಬೀಜದಷ್ಟು ಗಂಟು ಉಳಿದಿತ್ತು. ಇದು ನನಗೆ ಆಮೇಲೆ ಮೂಸಾ ಹೇಳಿದ್ದು. ಅವತ್ತು ನಾನು ನೋಡಿದ್ದು ಇಷ್ಟೇ. ಅಜ್ಜನ ಕೈ ಬಟ್ಟೆಯ ಕೆಳಗೆ ಮೇಲಿಂದ ಕೆಳಕ್ಕೆ ಹೋಯಿತು, ಮತ್ತೆ ಕೆಳಗಿನಿಂದ ಮೇಲಕ್ಕೆ ಬಂತು. ಇನ್ನೊಂದು ಕಾಲಿಗೆ ಹೋಯಿತು. ಆಮೇಲೆ ನಿಂತಿತು. ಮಳೆ ಅವನ ಟೋಪಿಯ ಮೇಲೆ ಬೀಳುತ್ತಿತ್ತು. ಅವನು ಎದ್ದು ನಿಂತ, ನನ್ನ ಕಡೆ ನೋಡಲಿಲ್ಲ.

"ಇಳಿಸಿ," ಎಂದ.

ಇಮಾಮರು ಪ್ರಾರ್ಥನೆ ಹೇಳಿದರು. ಮಣ್ಣು ಎಳೆದರು. ಮೂರು ವರ್ಷದ ಮೇಲೆ ಅಜ್ಜನ ಚಾವಡಿ ಸಾವಿಗೆ ತೆರೆಯಿತು. ಐವತ್ತು ಅರವತ್ತು ಜನ ಬಂದರು. ಅಜ್ಜ ಒಲೆಯ ಮುಂದೆ ಕೂತು ತಾನೇ ಕಾಫಿ ಕಾಯಿಸಿ, ಬಟ್ಟಲು ಬಟ್ಟಲಾಗಿ ಬಗ್ಗಿಸಿ ಕೊಟ್ಟ. ಕುಡಿದವರು ಒಬ್ಬೊಬ್ಬರಾಗಿ, "ನಿಮ್ಮ ತಲೆ ಉಳಿಯಲಿ ತಫಿಲ್" ಎಂದರು. "ನಿಮ್ಮದೂ ಉಳಿಯಲಿ" ಎಂದ ಅವನು, ಎಲ್ಲರಿಗೂ.

ನನ್ನ ಸರದಿ ಬಂತು. ಕೈಗೆ ಬಂದ ಬಟ್ಟಲನ್ನು ತುಟಿಗಿಟ್ಟೆ. ಸಿಹಿ. ಅಂಟಂಟಾಗುವಷ್ಟು ಸಿಹಿ. ಪಕ್ಕದವನಿಗೆ ಗೊತ್ತಾಗಲಿಲ್ಲ, ಎದುರಿನವನಿಗೆ ಗೊತ್ತಾಗಲಿಲ್ಲ. ಆ ಚಾವಡಿಯಲ್ಲಿ ನನಗೊಬ್ಬನಿಗೆ ಸಾವು ನಡೆದಿರಲಿಲ್ಲ. ನಾನು ಅದನ್ನು ಒಂದೇ ಗುಟುಕಿಗೆ ನುಂಗಿದೆ. ಬಟ್ಟಲನ್ನು ಕೆಳಗಿಟ್ಟು ಎದ್ದೆ.

ಹೊರಟಾಗ ಅಜ್ಜ ಗೇಟಿನವರೆಗೆ ಬಂದ. ಹೊರಡುವವನನ್ನು ಮನೆಯ ಗಡಿಯವರೆಗೆ ಬಿಡುವುದು ನಮ್ಮಲ್ಲಿ ಪದ್ಧತಿ.

"ಯಾರು ಅಂತ ಗೊತ್ತಾ?" ಎಂದ.

"ಇಲ್ಲ ಅಜ್ಜ."

"ನನ್ನ ಸೊಸೇನ ಏನೂ ಕೇಳಬೇಡ. ಅವಳು ಹೆದರಿ ಮಾಡಿದ್ದಾಳೆ. ನೀನ್ಯಾಕೆ ಮಾಡ್ದೆ?"

"ಮಾತು ಕೊಟ್ಟಿದ್ನಲ್ಲ ಅಜ್ಜ."

"ಮಾತು ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ದೆ," ಎಂದ ಅವನು, ನಿಧಾನಕ್ಕೆ, ಲೆಕ್ಕ ತಪ್ಪಿದ ಹುಡುಗನಿಗೆ ಉತ್ತರ ಓದಿ ಹೇಳುವಂತೆ. "ಓದಿದೋನು ನೀನು, ನೆಜಿರ್." ಗೇಟು ಹಾಕಿಕೊಂಡ.

ಮುಂದಿನ ಮಂಗಳವಾರ ಬ್ರಾಂಟ್ ಓದಿದಳು: ಗುರ್‌ಬಾರ್ದ್ ಗ್ರಾಮದ ಆರೂ ಪ್ರಕರಣ ಮುಕ್ತಾಯಗೊಂಡಿವೆ, ಈ ಪ್ರಗತಿಗೆ ಎಲ್ಲ ಸಂಸ್ಥೆಗಳ ಸಹಕಾರ ಕಾರಣ. ಆಗ ನನಗೆ ಹೊಳೆಯಿತು. ಅಲ್ಲಿಯವರೆಗೆ ನನ್ನ ಬುದ್ಧಿ ಎಲ್ಲಿ ಮಣ್ಣು ತಿನ್ನುತ್ತಿತ್ತೋ. ಬಾಗಿಲ ಬಳಿಯ ಪಟ್ಟಿಯಲ್ಲಿ ನಲವತ್ತೊಂದನೆಯ ಹೆಸರಿನ ಮೇಲೆ ಗೆರೆ ಬಿದ್ದಿತ್ತು. ಇನ್ನು ಸೆಲ್ಮನ್‌ನನ್ನು ಯಾರೂ ಹುಡುಕುವುದಿಲ್ಲ. ಅವನು ಸಿಕ್ಕಿಬಿಟ್ಟಿದ್ದಾನೆ.

ಮುಂದಿನ ಸಾಲಿನಲ್ಲಿ ತಫಿಲಜ್ಜ ಎದ್ದು ನಿಂತ.

"ನಲವತ್ತೊಂದಕ್ಕೆ ಗೆರೆ ಎಳ್ದಿದ್ದೀರಿ. ಅದನ್ನ ಅಳಿಸಿ."

ಬ್ರಾಂಟ್ ನನ್ನ ಕಡೆ ತಿರುಗಿದಳು. 'ಧನ್ಯವಾದ ಹೇಳುತ್ತಿದ್ದಾರೆ' ಎಂದರೆ ಸಾಕಿತ್ತು. ಆಕೆ ಎದೆಯ ಮೇಲೆ ಕೈ ಇಟ್ಟು ತಲೆ ಬಾಗುತ್ತಿದ್ದಳು, ಸಭೆ ಮುಗಿಯುತ್ತಿತ್ತು. ನನ್ನ ನಾಲಿಗೆ ಅಲ್ಲಿಯವರೆಗೂ ಹೋಗಿತ್ತು. ಅಜ್ಜ ಕೋಲಿನ ಮೇಲೆ ಭಾರ ಹಾಕಿ ಕಾಯುತ್ತಿದ್ದ. ನಾನು ಸ್ಟೂಲಿನಿಂದ ಎದ್ದೆ. ಅವತ್ತು ಕಾರ್ಖಾನೆಯಲ್ಲಿ ಆ ಹೆಂಗಸು ಅಲ್ಲ ಎಂದಿದ್ದಳು, ಹೌದು ಎಂದವನು ನಾನು ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಮ್ಮ ಮಾತಿನಲ್ಲಿ, ಹಾಲಿಗೆಲ್ಲ ಕೇಳುವಂತೆ ಹೇಳಿದೆ. ಮೂಸಾ ಕೂಡ ಏನೂ ಕೂಗಲಿಲ್ಲ.

ಬ್ರಾಂಟ್ ನಮ್ಮಿಬ್ಬರನ್ನೂ ತನ್ನ ಕೋಣೆಗೆ ಕರೆದಳು. ಬಯ್ಯಲಿಲ್ಲ. ನಿಯಮ ಹೇಳಿದಳು. ಮಣ್ಣು ಮಾಡಿದ್ದನ್ನು ಹೊರತೆಗೆಯಬೇಕು. ಮೂಳೆ ಪರೀಕ್ಷೆಗೆ ಹೋಗಬೇಕು. ಇದು ಅವನದಲ್ಲ ಎಂದು ಕಾಗದ ಬಂದ ಮೇಲೆ ನಲವತ್ತೊಂದನ್ನು ಮತ್ತೆ ತೆರೆಯಬಹುದು. ಮನೆಯವರ ಒಪ್ಪಿಗೆ ಬೇಕು, ಒಂದು ಸಹಿ.

ನಾನು ಹೇಳಿದೆ. ಈ ಸಲ ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹೇಳಿದೆ.

"ಎಲ್ಲಿಗೆ ತಗೊಂಡು ಹೋಗ್ತಾರೆ?" ಎಂದ ಅಜ್ಜ.

"ಅದೇ ಕಾರ್ಖಾನೆಗೆ. ಡಬ್ಬಕ್ಕೆ ಹಾಕಿ ನಂಬರು ಹಚ್ತಾರೆ."

"ಆಗಲ್ಲ."

"ಅಜ್ಜಾ, ಸಹಿ ಹಾಕಿದ್ರೆ ಸೆಲ್ಮನ್‌ನ ಹುಡುಕ್ತಾರೆ. ಹಾಕದಿದ್ರೆ ಹುಡುಕಲ್ಲ."

"ಅರ್ಥ ಆಯ್ತು ಮಗಾ, ನಾನೇನು ಕಿವುಡನಾ? ಅವನು ನನ್ನ ಗೇಟು ದಾಟಿ ಬಂದಿದ್ದಾನೆ. ನನ್ನ ಮಗನ ಪಾಲಿನ ಪ್ರಾರ್ಥನೆ ಕೇಳಿದ್ದಾನೆ. ಅವನ ಹೆಸರಲ್ಲಿ ಅರವತ್ತು ಜನ ನನ್ನ ಮನೆ ಕಾಫಿ ಕುಡಿದಿದ್ದಾರೆ. ಮನೆಗೆ ಬಂದ ಅತಿಥೀನ ಎಬ್ಬಿಸಿ ಆಚೆಗೆ ಹಾಕು ಅಂತೀಯಲ್ಲ, ನಿನ್ನ ತಾತ ಕೇಳಿಸಿಕೊಂಡ್ರೆ ಏನಂದಾನು?"

"ಅವನನ್ನೂ ಯಾರೋ ಕಾಯ್ತಿರ್ತಾರೆ ಅಜ್ಜ. ಕೆಂಪು ನೂಲು ಹಾಕಿದೋಳು."

ಅವನ ಕಣ್ಣಿನಿಂದ ನೀರು ಇಳಿದು ಮೀಸೆಗೆ ಬಂತು. ಒರೆಸಿಕೊಳ್ಳಲಿಲ್ಲ.

"ಅವಳು ಬಂದು ಬಾಗಿಲು ತಟ್ಟಲಿ. ನಾನೇ ನನ್ನ ಕೈಯಾರೆ ತೆಗೆದು, ತೊಳೆದು, ಕೊಟ್ಟು ಕಳಿಸ್ತೀನಿ. ನಂಬರಿಗೆ ಕೊಡಲ್ಲ." ಕೋಲು ಊರಿ ಎದ್ದ. "ನನ್ನ ಮಗಾನೂ ಯಾರ ಮನೇಲಾದ್ರೂ ಹಿಂಗೇ ಇದ್ರೆ, ಅವರೂ ಇಟ್ಕೊಂಡಿರ್ಲಿ. ಇಷ್ಟೇ ನಾನು ಕೇಳೋದು."

ಬ್ರಾಂಟ್, "ಸಹಿ ಹಾಕುತ್ತಾರಂತಾ?" ಎಂದಳು. ನಾನು ಇಲ್ಲ ಎಂದೆ. ಆಕೆ ಕಡತದಲ್ಲಿ ಏನೋ ಬರೆದು ಮುಚ್ಚಿದಳು. ನ್ಯಾಯಾಲಯದ ಅಪ್ಪಣೆ ತರಿಸುವುದಾಗಿ ಹೇಳಿದಳು. ಅದು ಪರಿಶೀಲನೆಯಲ್ಲಿರುವಾಗ ಆಕೆಯ ಅವಧಿಯೂ ಮುಗಿಯಿತು.

ನನ್ನನ್ನು ಕೆಲಸದಿಂದ ತೆಗೆಯಬೇಕಿತ್ತು. ಬೇರೆ ಜನ ಸಿಗುವವರೆಗೆ ಇರಲಿ ಎಂದರು. ಬೇರೆ ಜನ ಸಿಗಲು ಒಂದೂವರೆ ವರ್ಷ ಹಿಡಿಯಿತು. ಅಷ್ಟೂ ಮಂಗಳವಾರ ನಾನು ವರದಿಯ ಕೊನೆಯಲ್ಲಿ, ಅವರ ಮಾತಿನ ಬಾಲವೇ ಎಂಬಂತೆ, ನನ್ನದೊಂದು ಮಾತು ಸೇರಿಸಿ ಹೇಳುತ್ತಿದ್ದೆ: "ಬೂದು ಕಾಲುಚೀಲ, ಎರಡು ಬಿಳಿ ಪಟ್ಟಿ, ಹಿಮ್ಮಡಿಗೆ ಕೆಂಪು ನೂಲು. ಗುರ್‌ಬಾರ್ದಿನಲ್ಲಿ ತಫಿಲ್ ಅವರ ಮನೆಯಲ್ಲಿದ್ದಾರೆ. ಬಂದು ಕೇಳಿ." ಒಮ್ಮೆ ಹೊಸ ಅಧಿಕಾರಿ, ನಾನು ಹೇಳಿದ್ದಕ್ಕಿಂತ ನೀನು ಹೇಳುವುದು ಯಾಕೆ ಉದ್ದ ಎಂದು ಕೇಳಿದ. ನಮ್ಮ ಭಾಷೆಯೇ ಉದ್ದ ಸಾರ್ ಎಂದೆ. ಕೆಂಪು ನೂಲಿನವಳು ಬರಲಿಲ್ಲ. ಅವಳೂ ಸತ್ತಿರಬಹುದು, ಅವಳ ಊರೂ ಇಲ್ಲದಿರಬಹುದು.

ತಫಿಲಜ್ಜ ಎರಡನೆಯ ಚಳಿಗಾಲದಲ್ಲಿ ತೀರಿಕೊಂಡ. ಅತಿಥಿಗೂ ತನಗೂ ನಡುವೆ ಒಬ್ಬರ ಜಾಗ ಬಿಡಬೇಕು ಎಂದು ಹೇಳಿ ಸತ್ತಿದ್ದ. ಹಾಗೇ ಬಿಟ್ಟಿದ್ದಾರೆ. ಒಂದು ಕಲ್ಲಿಗೆ ಹೆಸರಿದೆ, ಒಂದಕ್ಕಿಲ್ಲ, ನಡುವೆ ಕಲ್ಲೇ ಇಲ್ಲ. ಕಚೇರಿಯ ಕಡತದ ಪಟ್ಟಿಯಲ್ಲಿ ನಲವತ್ತೊಂದರ ಮೇಲಿನ ಗೆರೆ ಇವತ್ತಿಗೂ ಇದೆ. ಪಟ್ಟಿ ಅಂಟಿಸಿದ್ದ ಹಾಲು ಮಾತ್ರ ಈಗ ಇಲ್ಲ.

ಪ್ರತಿ ವರ್ಷ ಶ್ಮಿತ್ರಿಯ ದಿನ ನಾನು ಗುರ್‌ಬಾರ್ದಿಗೆ ಹೋಗಿ ಆ ಖಾಲಿ ಜಾಗದ ಹುಲ್ಲು ಕೊಯ್ದು ಬರುತ್ತೇನೆ. ಯಾರೂ ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮುಗಿಸಿ ಗೇಟಿನ ಬಳಿ ಕೂತಾಗ ಫಾರಿಯೆ ಕಾಫಿ ತಂದುಕೊಡುತ್ತಾಳೆ. ಅವಳ ತಲೆ ಈಗ ಪೂರ್ತಿ ನರೆತಿದೆ. ಬಟ್ಟಲು ಕೈಗೆ ಬಂದಾಗಲೆಲ್ಲ ಈ ವರ್ಷವಾದರೂ ಕಹಿಯಿರಲಿ ಎಂದುಕೊಂಡು ತುಟಿಗಿಡುತ್ತೇನೆ. ಸಕ್ಕರೆ ಹಾಕಿರುತ್ತಾಳೆ.